ನಂಬರ್ ಹೇಳದ ಅಕ್ಕ

ತುರ್ತು ಚಿಕಿತ್ಸಾ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷದಿಂದ ನರ್ಸ್ ಆಗಿರುವವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ವಿಭಾಗದ ಮುಖ್ಯಸ್ಥೆಯಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಅವಳು ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಆಂಬುಲೆನ್ಸ್ ಡ್ರೈವರಿಗೂ ಅಕ್ಕನೇ. ಇಂಥ ಅಕ್ಕ ಡಾಕ್ಟರುಗಳಿಗೆ ಪಠ್ಯಕ್ರಮ ಬರೆದಳು ಎಂದರೆ ನಂಬುವುದು ಕಷ್ಟ. ಪೂರ್ತಿ ಬರೆಯಲಿಲ್ಲ ಬಿಡಿ, ನೂರ ಹದಿನಾರು ಪುಟಗಳಲ್ಲಿ ಒಂದೇ ಒಂದು ಪುಟ ಬರೆದಳು. ಆ ಒಂದು ಪುಟಕ್ಕಾಗಿ ಪಟ್ಟ ಪಾಡು ಮಾತ್ರ ಉಳಿದ ನೂರ ಹದಿನೈದಕ್ಕೂ ಯಾರೂ ಪಡಲಿಲ್ಲ.

ಪಠ್ಯಕ್ರಮದ ಯಜಮಾನಿಕೆ ಮುಖ್ಯಸ್ಥೆಯದು. ಅವರನ್ನು ಎಲ್ಲರೂ ದೊಡ್ಡ ಡಾಕ್ಟರಮ್ಮ ಎನ್ನುತ್ತಿದ್ದರು. ವರ್ಷಕ್ಕೆ ಎಂಟು ಯುವ ವೈದ್ಯರು ತುರ್ತು ಚಿಕಿತ್ಸೆ ಕಲಿಯಲು ಬಂದು ಮೂರು ವರ್ಷ ಇರುತ್ತಿದ್ದರು. ಅವರಿಗೆ ಯಾವ ತಿಂಗಳು ಏನು ಕಲಿಸಬೇಕು, ಕಲಿತರೋ ಇಲ್ಲವೋ ಎಂದು ಹೇಗೆ ತಿಳಿಯಬೇಕು ಎಂಬುದೆಲ್ಲ ಡಾಕ್ಟರಮ್ಮನ ಕೋಣೆಯ ಗೋಡೆಯ ಮೇಲೆ ಬಣ್ಣದ ಚೀಟಿಗಳಾಗಿ ಅಂಟಿಕೊಂಡಿತ್ತು. ಹಳದಿ ಎದೆನೋವಿಗೆ, ಹಸಿರು ವಿಷಕ್ಕೆ, ಕೆಂಪು ಅಪಘಾತಕ್ಕೆ. ಫ್ಯಾನ್ ಹಾಕಿದರೆ ಮೂರನೇ ವರ್ಷ ಹಾರಿ ಮೊದಲನೇ ವರ್ಷದ ಮೇಲೆ ಬೀಳುತ್ತಿದ್ದುದರಿಂದ ಪಾಪ, ಅವರು ಬೆವರುತ್ತಲೇ ಕೆಲಸ ಮಾಡಿದರು. ಹೊರಗಿನಿಂದ ಮೂವರ ಸಮಿತಿ ಬಂದು ನೋಡಿ ಒಪ್ಪಬೇಕಿತ್ತು. ಒಪ್ಪಿದರೆ ಮುಂದಿನ ಎಂಟು ಜನ ಬರುತ್ತಾರೆ, ಇಲ್ಲದಿದ್ದರೆ ತರಬೇತಿಗೆ ಬೀಗ.

ಈ ಪಠ್ಯಕ್ರಮದ ಬೆನ್ನೆಲುಬು ಡ್ರಿಲ್. ಹಾಸಿಗೆ ಬಟ್ಟೆ ಇಡುತ್ತಿದ್ದ ಹಳೆಯ ಕೋಣೆಯನ್ನು ಖಾಲಿ ಮಾಡಿ, ಗೋಡೆಗೊಂದು ಗಾಜಿನ ಕಿಟಕಿ ಇಡಿಸಿ, ಒಳಗೆ ಒಂದು ಮಂಚದ ಮೇಲೆ ಆಳೆತ್ತರದ ರಬ್ಬರ್ ಬೊಂಬೆಯನ್ನು ಮಲಗಿಸಿದ್ದರು. ನರ್ಸುಗಳು ಅದಕ್ಕೆ ಮಾವನವರು ಎಂದು ಹೆಸರಿಟ್ಟಿದ್ದರು. ಮಲಗಿದಲ್ಲೇ ಸೇವೆ ಮಾಡಿಸಿಕೊಳ್ಳುತ್ತಾರೆ, ಎಷ್ಟು ಮಾಡಿದರೂ ಒಂದು ಒಳ್ಳೆ ಮಾತಿಲ್ಲ, ಅದಕ್ಕೇ ಆ ಹೆಸರು. ಮಾವನವರಿಗೆ ಇವತ್ತು ಎದೆನೋವು, ನಾಳೆ ಹಾವಿನ ಕಡಿತ, ನಾಡಿದ್ದು ಏಣಿಯಿಂದ ಬಿದ್ದ ಪೆಟ್ಟು. ಬೊಂಬೆಗೆ ಬಾಯಿಲ್ಲದ್ದರಿಂದ ಅದರ ಪರವಾಗಿ ಮಾತಾಡುವವಳು ಅಕ್ಕ. ಕಲಿಯುವ ಡಾಕ್ಟರು, "ಬಿಪಿ ನೋಡ್ತಾ ಇದೀನಿ" ಎಂದರೆ ತಲೆದೆಸೆಯಲ್ಲಿ ಹಾಳೆ ಹಿಡಿದು ನಿಂತ ಅಕ್ಕ, "ತೊಂಬತ್ತು, ಅರವತ್ತು" ಎನ್ನುವಳು. "ಸಕ್ಕರೆ ನೋಡ್ತಾ ಇದೀನಿ" ಎಂದರೆ "ನೂರ ಹತ್ತು" ಎನ್ನುವಳು. ಸೂಜಿ ಇಲ್ಲ, ರಕ್ತ ಇಲ್ಲ, ಎಲ್ಲ ಬಾಯಿಮಾತಿನಲ್ಲೇ ಸರಸರ ಮುಗಿಯುತ್ತಿತ್ತು. ಹೀಗೆ ವರ್ಷಕ್ಕೆ ತೊಂಬತ್ತು ಡ್ರಿಲ್ ಓಡಿಸುವ ವಿಭಾಗ ಸುತ್ತಮುತ್ತ ಇನ್ನೊಂದಿರಲಿಲ್ಲ. ತನ್ನ ಬಾಯಿಯ ಚುರುಕಿನ ಬಗ್ಗೆ ಅಕ್ಕನಿಗೆ ಒಳಗೊಳಗೇ ಹೆಮ್ಮೆ ಇತ್ತು.

ಆ ವರ್ಷದ ಎಂಟು ಜನರಲ್ಲಿ ಎಲ್ಲರಿಗಿಂತ ಮುಂದಿದ್ದವನನ್ನು ಆಯ್ತು ಡಾಕ್ಟರು ಎಂದು ಕರೆಯುತ್ತಿದ್ದರು. ಏನು ಹೇಳಹೊರಟರೂ ವಾಕ್ಯ ಮುಗಿಯುವ ಮೊದಲೇ "ಆಯ್ತು" ಎನ್ನುವ ಒಳ್ಳೆಯ ಹುಡುಗ. ಡ್ರಿಲ್‌ಗಳಲ್ಲಿ ಅವನ ಬಾಯಿಂದ ಒಂದು ಹೆಜ್ಜೆಯೂ ತಪ್ಪುತ್ತಿರಲಿಲ್ಲ. ಸಮಿತಿಯ ಮುಂದೆ ಇವನನ್ನೇ ನಿಲ್ಲಿಸಬೇಕು ಎಂದು ಡಾಕ್ಟರಮ್ಮ ಆಗಲೇ ಗುರುತು ಮಾಡಿಟ್ಟಿದ್ದರು.

ಒಂದು ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಒಬ್ಬ ಬಡಗಿಯನ್ನು ಕರೆತಂದರು. ಕೆಲಸದ ಮೇಜಿನ ಪಕ್ಕದಲ್ಲೇ ಕುಸಿದಿದ್ದನಂತೆ. ಅಂಗಿಯ ತುಂಬ ಮರದ ಹೊಟ್ಟು, ಎಚ್ಚರವಿಲ್ಲ, ಬಲಗೈ ಎತ್ತಿ ಬಿಟ್ಟರೆ ಧೊಪ್ಪನೆ ಬೀಳುತ್ತಿತ್ತು. ಮೆದುಳಿಗೆ ರಕ್ತ ನಿಂತಿದೆ ಎಂದು ಯಾರಾದರೂ ಅಂದುಕೊಳ್ಳುವಂಥ ಸ್ಥಿತಿ. ಸಕ್ಕರೆ ತೀರಾ ಇಳಿದರೂ ಹಾಗೇ ಕಾಣುತ್ತದೆ, ಆದ್ದರಿಂದ ಮೊದಲು ಸಕ್ಕರೆ ನೋಡಬೇಕು ಎಂಬುದು ಮೊದಲ ತಿಂಗಳ ಪಾಠ. ಆಯ್ತು ಡಾಕ್ಟರಿಗೆ ಅದು ಗೊತ್ತಿತ್ತು. ಮಂಚದ ಬಳಿ ನಿಂತು ಗಟ್ಟಿಯಾಗಿ, ಸ್ಪಷ್ಟವಾಗಿ, ಡ್ರಿಲ್‌ನಲ್ಲಿ ಹೇಳುವ ಹಾಗೆಯೇ ಹೇಳಿದ. "ಉಸಿರಾಟ ಸರಿ ಇದೆ. ಆಕ್ಸಿಜನ್ ಕೊಡ್ತಾ ಇದೀನಿ. ಸಕ್ಕರೆ ನೋಡ್ತಾ ಇದೀನಿ. ತಲೆ ಸ್ಕ್ಯಾನಿಗೆ ಹೇಳಿ."

ಆ ದಿನ ಕಡತ ಬರೆದುಕೊಳ್ಳುತ್ತಿದ್ದವಳು ಅಕ್ಕ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ, ಹಾಗೆ ಕಿವಿಗೆ ಬಿದ್ದದ್ದನ್ನು ಬರೆದಳು. ಮೂರು ಹನ್ನೆರಡು: ಸಕ್ಕರೆ ನೋಡಲಾಯಿತು.

ಗಾಡಿ ಸ್ಕ್ಯಾನಿಗೆ ಹೊರಡುವಷ್ಟರಲ್ಲಿ ಸ್ಕ್ಯಾನ್ ಕೋಣೆಯವನು ಫೋನಿನಲ್ಲಿ ಕೇಳಿದ. "ಸಕ್ಕರೆ ಎಷ್ಟು?" ಅಕ್ಕ ಕಡತ ನೋಡಿದಳು. ಹೊತ್ತು ಬರೆದಿತ್ತು, ಪಕ್ಕದ ಚೌಕ ಖಾಲಿ. ತಲೆಯೆತ್ತಿ ಆಯ್ತು ಡಾಕ್ಟರ ಮುಖ ನೋಡಿದಳು. ಅವನು ಆಗಲೇ ಅವಳ ಮುಖ ನೋಡುತ್ತಿದ್ದ. ನಂಬರ್ ಅವಳೇ ಹೇಳಬೇಕೆಂದು ಅವನು, ಅವನೇ ಹೇಳುತ್ತಾನೆಂದು ಅವಳು. ಬಡಗಿಯ ಬೆರಳನ್ನು ಅಲ್ಲಿಯವರೆಗೆ ಯಾರೂ ಮುಟ್ಟಿರಲಿಲ್ಲ. ಅಕ್ಕ ಫೋನನ್ನು ಹಾಗೇ ನೇತಾಡಲು ಬಿಟ್ಟು ಓಡಿ ಡ್ರಾಯರ್ ಎಳೆದು ಸೂಜಿ ಚುಚ್ಚಿದಳು. ಮೀಟರಿನಲ್ಲಿ ಇಪ್ಪತ್ತಾರು ಬಂತು. ಅಷ್ಟು ಇಳಿದವರು ಹೆಚ್ಚು ಹೊತ್ತು ಹಾಗೇ ಇದ್ದರೆ ಮೆದುಳು ಹೋಗುತ್ತದೆ. ಆಗ ಗಡಿಯಾರದಲ್ಲಿ ಮೂರು ಇಪ್ಪತ್ಮೂರು.

ಗ್ಲೂಕೋಸ್ ರಕ್ತಕ್ಕೆ ಸೇರಿ ಐದು ನಿಮಿಷಕ್ಕೆ ಬಡಗಿ ಕಣ್ಣು ಬಿಟ್ಟ, ಬಲಗೈ ಎತ್ತಿ ಕಿವಿಯ ಮೇಲೆ ತಡಕಾಡಿ, "ನನ್ನ ಪೆನ್ಸಿಲ್ ಎಲ್ಲಿ?" ಎಂದ. ಸುತ್ತ ನಿಂತವರೆಲ್ಲ ನಕ್ಕರು. ಆಯ್ತು ಡಾಕ್ಟರು ಮಾತ್ರ ಗೋಡೆ ಹಿಡಿದುಕೊಂಡು ನಿಂತಿದ್ದ.

ಬೇರೆ ಯಾರಾದರೂ ಆಗಿದ್ದರೆ ಬದುಕಿದೆಯಾ ಬಡಜೀವವೇ ಎಂದು ಕಡತ ಮುಚ್ಚುತ್ತಿದ್ದರು. ಅಕ್ಕ ಆಚೆ ಹೋಗಿ ಬೆಂಚಿನ ಮೇಲೆ ಕುಳಿತಿದ್ದ ಬಡಗಿಯ ಹೆಂಡತಿಯ ಪಕ್ಕ ಕುಳಿತಳು. ಗಂಡ ಎದ್ದಿದ್ದಾನೆ ಎಂದು ಮೊದಲು ಹೇಳಿದಳು. ಆಮೇಲೆ ಹನ್ನೊಂದು ನಿಮಿಷ ತಡ ಆಯಿತು ಎಂಬುದನ್ನೂ ಹೇಳಿದಳು.

"ಪರೀಕ್ಷೆ ಮಾಡಿದೀವಿ ಅಂತ ಬರೆದ್ವಿ, ಮಾಡಿರಲಿಲ್ಲ. ಬರೆದೋಳು ನಾನೇ."

ಹೆಂಡತಿ ಮಡಿಲಲ್ಲಿದ್ದ ಗಂಡನ ಚಪ್ಪಲಿಗಳಿಗೆ ಅಂಟಿದ್ದ ಮರದ ಹೊಟ್ಟನ್ನು ಒರೆಸಿದಳು. "ಬೈಬೇಕು ಅನ್ಸತ್ತೆ," ಎಂದಳು ಕೊನೆಗೆ. "ಆದ್ರೆ ನೀವಾಗೇ ಬಂದು ಹೇಳಿದ್ರಲ್ಲ, ಬಾಯಿ ಬರ್ತಿಲ್ಲ. ಇನ್ನೊಬ್ಬರ ಮನೇವ್ರಿಗೆ ಹಿಂಗಾಗಲ್ಲ ತಾನೆ?"

"ಆಗಲ್ಲ," ಎಂದಳು ಅಕ್ಕ. ಮಾತು ಬಾಯಿಂದ ಹೊರಬಿದ್ದ ಮೇಲೆ, ಇದನ್ನು ಹೇಗಪ್ಪಾ ಉಳಿಸಿಕೊಳ್ಳಲಿ ಎಂದು ದಿಗಿಲಾಯಿತು.

ಅಕ್ಕನ ಗಂಡ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಬಲಗಾಲು ಯಾವಾಗಲೂ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುವ ಮನುಷ್ಯ, ಟಿವಿ ನೋಡುವಾಗ ಕೂಡ. ಸಂಜೆ ಇಬ್ಬರೂ ಬಟಾಣಿ ಬಿಡಿಸುತ್ತ ಕುಳಿತಾಗ ಅಕ್ಕ ನಡೆದದ್ದೆಲ್ಲ ಹೇಳಿದಳು. ಅಷ್ಟು ಜಾಣ ಹುಡುಗ ಹೀಗೆ ಯಾಕೆ ಮಾಡಿದ ಎಂಬುದೊಂದೇ ಅವಳಿಗೆ ಬಗೆಹರಿದಿರಲಿಲ್ಲ.

"ಕಲಿಸೋ ಗಾಡೀಲಿ ನನ್ನ ಕಡೆನೂ ಒಂದು ಬ್ರೇಕ್ ಇದೆಯಲ್ಲ," ಎಂದ ಗಂಡ, ಸಿಪ್ಪೆಗೆ ಬದಲು ಕಾಳನ್ನೇ ಕಸದ ಬುಟ್ಟಿಗೆ ಎಸೆಯುತ್ತ. "ಕಲಿಯೋನು ಒತ್ತೋಕೆ ಮುಂಚೆ ನಾನು ಒತ್ತಿಬಿಟ್ರೆ ಗಾಡಿ ನಿಲ್ಲತ್ತೆ. ತಾನೇ ನಿಲ್ಲಿಸ್ದೆ ಅಂದ್ಕೋತಾನೆ. ಲೈಸೆನ್ಸೂ ಸಿಗತ್ತೆ. ಆಮೇಲೆ ಒಬ್ಬನೇ ಹೋಗಿ ಕಾಂಪೌಂಡಿಗೆ ಗುದ್ದಿ, ಬ್ರೇಕ್ ಹಿಡೀಲಿಲ್ಲ ಸಾರ್ ಅಂತಾನೆ. ತಪ್ಪು ಅವನದಲ್ಲ ಕಣೆ, ನನ್ನ ಕಾಲಿಂದು."

ಅಕ್ಕನ ಕೈ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವಳ ಕೈ ತಾನಾಗಿ ಬಾಯಿಗೆ ಹೋಯಿತು. ತೊಂಬತ್ತು ಡ್ರಿಲ್‌ಗಳಲ್ಲೂ ಅವನು ಬೊಂಬೆಯನ್ನು ಮುಟ್ಟುವ ಮೊದಲೇ ನಂಬರ್ ಕೊಟ್ಟ ಬಾಯಿ ಅದು. ಸಕ್ಕರೆ ನೋಡುತ್ತೇನೆ ಎಂದರೆ ಸಾಕು, ನಂಬರ್ ಗಾಳಿಯಲ್ಲಿ ಬರುತ್ತದೆ ಎಂದು ಆ ಹುಡುಗನಿಗೆ ಕಲಿಸಿದವಳು ತಾನೇ. ಅವನು ಪಾಠ ಮರೆತಿರಲಿಲ್ಲ, ಚಾಚೂ ತಪ್ಪದೆ ಒಪ್ಪಿಸಿದ್ದ.

ಮರುದಿನವೇ ಅವಳು ಪುಟ ಬರೆದಳು. ನಾಲ್ಕು ಸಲ ಹರಿದು ಐದನೇ ಸಲ ಸರಿಯಾಯಿತು. 'ಡ್ರಿಲ್‌ನಲ್ಲಿ ಯಾರೂ ನಂಬರ್ ಹೇಳಬಾರದು. ಪರೀಕ್ಷೆ ಮಾಡಿದವರಿಗೆ ಮೀಟರ್ ಹೇಳುತ್ತದೆ, ಮಾಡದವರಿಗೆ ಯಾರೂ ಹೇಳುವುದಿಲ್ಲ. ಕೈಗವಸು ಹಾಕಿಕೊಳ್ಳಲು ಹಿಡಿಯುವಷ್ಟು ಹೊತ್ತು ಹಿಡಿಯಲಿ. ಡ್ರಾಯರಿನವರೆಗೆ ನಡೆಯಬೇಕಾದರೆ ನಡೆಯಲಿ. ಬರೆದುಕೊಳ್ಳುವವರು ಕಂಡದ್ದನ್ನು ಬರೆಯಬೇಕು, ಕೇಳಿದ್ದನ್ನಲ್ಲ.' ಕೆಳಗೆ ಮಂಗಳವಾರದ ಹನ್ನೊಂದು ನಿಮಿಷವನ್ನು ಇದ್ದದ್ದು ಇದ್ದ ಹಾಗೆ ಐದು ಸಾಲಿನಲ್ಲಿ ಬರೆದಿದ್ದಳು.

ದೊಡ್ಡ ಡಾಕ್ಟರಮ್ಮ ಓದಿ ಕನ್ನಡಕ ತೆಗೆದಿಟ್ಟರು. "ಮೇಲಿಂದು ಬಂಗಾರದಂಥ ಮಾತು, ಅಕ್ಕ. ಆದ್ರೆ ಹೀಗೆ ಮಾಡಿದ್ರೆ ತೊಂಬತ್ತು ಡ್ರಿಲ್ ಎಲ್ಲಾಗತ್ತೆ? ನಲವತ್ತು ಆದ್ರೆ ಹೆಚ್ಚು. ಅದನ್ನ ಹೇಗೋ ಒಪ್ಪಿಸೋಣ. ಕೆಳಗಿನ ಐದು ಸಾಲು ಬೇಕಾ? ಸಮಿತಿಯವ್ರು ಅದೊಂದನ್ನೇ ಹಿಡ್ಕೊಂಡು ತರಬೇತಿ ನಿಲ್ಲಿಸಿಬಿಟ್ರೆ?"

"ಆ ಐದು ಸಾಲಿಲ್ಲದೆ ಮೇಲಿಂದನ್ನ ಯಾರು ನಂಬ್ತಾರೆ, ಮೇಡಂ? ನಲವತ್ತು ಯಾಕೆ ಅಂತ ಕೇಳಿದ್ರೆ ಏನು ಹೇಳೋಣ?"

ಡಾಕ್ಟರಮ್ಮ ಗೋಡೆಯ ಚೀಟಿಗಳನ್ನು ನೋಡಿದರು. ಒಂದು ವರ್ಷದ ದುಡಿಮೆ ಅಲ್ಲಿ ಅಂಟಿಕೊಂಡಿತ್ತು. ಅವರು ಹೆದರಿದ್ದರಲ್ಲಿ ತಪ್ಪಿಲ್ಲ, ಎಂಟು ಜನರ ಮುಂದಿನ ದಾರಿ ಅವರ ಕೈಯಲ್ಲಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಆಯ್ತು ಡಾಕ್ಟರು. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಮೇಡಂ, ಆ ಸಾಲು ಇರ್ಲಿ. ಬೇಕಾದ್ರೆ ನನ್ನ ಹೆಸರೂ ಹಾಕಿ."

"ನಿನ್ನ ಹೆಸರು ಯಾಕಪ್ಪ ಹಾಕೋಣ," ಎಂದಳು ಅಕ್ಕ. "ನೀನು ನಾನು ಕಲಿಸಿದ್ದನ್ನ ಮಾಡ್ದೆ. ನಾಳೆಯಿಂದ ಬೇರೆ ಕಲಿಸ್ತೀನಿ, ಅದನ್ನೂ ಮಾಡು."

"ಆಯ್ತು," ಎಂದ. ಆ ದಿನ ಮೊದಲ ಬಾರಿಗೆ ಅಕ್ಕನ ಮಾತು ಪೂರ್ತಿ ಮುಗಿದ ಮೇಲೆ ಹೇಳಿದ. ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಪುಟವನ್ನು ಕಟ್ಟಿನೊಳಗೆ ಸೇರಿಸಿದರು.

ಈಗ ಬೊಂಬೆಯ ಬೆರಳಿಂದ ರಕ್ತ ಬರಿಸಬೇಕಿತ್ತು. ಅಕ್ಕ ಅಡುಗೆಮನೆಯಲ್ಲೇ ಪ್ರಯೋಗಶಾಲೆ ತೆರೆದಳು. ಕೈಗವಸಿನ ತುದಿ ಕತ್ತರಿಸಿ, ನೀರಿಗೆ ಗ್ಲೂಕೋಸ್ ಪುಡಿ ಮತ್ತು ಕೆಂಪು ಬಣ್ಣ ಕಲಸಿ ತುಂಬಿ, ದಾರ ಬಿಗಿದು ಬೊಂಬೆಯ ಬೆರಳಿಗೆ ತೊಡಿಸುವ ಉಪಾಯ. ಮೊದಲ ಸಲ ಪುಡಿ ಕೈತಪ್ಪಿ ಬಿದ್ದು ಮೀಟರ್ ಅಳೆಯಲಾರೆ ಎಂದಿತು. "ಮಾವನವ್ರು ಸಿಹಿ ಡಬ್ಬಕ್ಕೇ ಕೈ ಹಾಕಿದಾರೆ," ಎಂದ ಗಂಡ. ಎರಡನೇ ಸಲ ದಾರ ಸಡಿಲಾಗಿ ಅವನ ಬಿಳಿ ಅಂಗಿ ಕೆಂಪಾಯಿತು, ಆಮೇಲೆ ಅವನು ದೂರದಿಂದಲೇ ಸಲಹೆ ಕೊಟ್ಟ. ಒಂಬತ್ತು ದಿನ ಚಿಟಿಕೆ ಚಿಟಿಕೆ ಅಳೆದು ಕೊನೆಗೆ ಅವಳು ಬೇಕೆಂದ ನಂಬರ್ ಬರಿಸಬಲ್ಲವಳಾದಳು. ಇಪ್ಪತ್ತಾರು ಬಂದ ದಿನ ಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದಳು. ಮದುವೆಯಾಗಿ ಮೊದಲ ಸಲ ಅಡುಗೆ ಸರಿಬಂದಾಗಲೂ ಇಷ್ಟು ಬೀಗಿರಲಿಲ್ಲ.

ಸಮಿತಿ ಬಂತು. ಇಬ್ಬರು ಪುಟ ತಿರುಗಿಸುವವರು, ಒಬ್ಬರು ಹಿರಿಯರು. ಹಿರಿಯರು ನಲವತ್ತು ವರ್ಷ ವೈದ್ಯರಿಗೆ ಪಾಠ ಹೇಳಿದವರು, ಅವರೆದುರು ದೊಡ್ಡ ಡಾಕ್ಟರಮ್ಮನೇ ಚಿಕ್ಕವರಾಗಿಬಿಟ್ಟರು. ಅವರು ಹಳದಿ ಹಸಿರು ಕೆಂಪನ್ನೆಲ್ಲ ಮೆಚ್ಚುತ್ತ ಬಂದು ಅಕ್ಕನ ಪುಟದ ಬಳಿ ನಿಂತರು.

"ಬೇರೆಯವ್ರೆಲ್ಲ ಡ್ರಿಲ್ ಜಾಸ್ತಿ ಮಾಡ್ತಾರೆ. ನೀವು ತೊಂಬತ್ತನ್ನ ನಲವತ್ತಕ್ಕೆ ಇಳಿಸಿದೀರಿ. ಒಬ್ಬ ಡ್ರಾಯರ್‌ವರೆಗೆ ನಡೀಲಿ ಅಂತ ಎಲ್ಲರೂ ಕಾಯ್ತಾ ನಿಲ್ಲೋದು ತರಬೇತಿನಾ? ಇನ್ನು ಇದು, ಯಾವುದೋ ಒಂದು ದಿನ ಒಬ್ಬ ಮಾಡಿದ ತಪ್ಪು. ಅದನ್ನ ಹಿಡ್ಕೊಂಡು ಪಠ್ಯಕ್ರಮನೇ ತಿದ್ದೋದಾ? ಈ ಪುಟ ಬಿಟ್ರೆ ಉಳಿದಿದ್ದಕ್ಕೆ ನನ್ನ ಒಪ್ಪಿಗೆ ಇದೆ."

ಡಾಕ್ಟರಮ್ಮ ಅಕ್ಕನತ್ತ ನೋಡಿದರು. ಪುಟ ಕೈಬಿಟ್ಟರೆ ಎಂಟು ಜನ ಬರುತ್ತಾರೆ, ವಿಭಾಗ ಉಳಿಯುತ್ತದೆ. ಬೆಂಚಿನ ಮೇಲೆ ಕೊಟ್ಟ ಮಾತೊಂದೇ ಹೋಗುವುದು. ಅಕ್ಕ ಮುಂದೆ ಬಂದಳು. "ಸರ್, ತೀರ್ಮಾನ ಮಾಡೋಕೆ ಮುಂಚೆ ಒಂದು ಡ್ರಿಲ್ ನೀವೇ ಮಾಡ್ತೀರಾ?"

ಹಿರಿಯರು ನಕ್ಕು ಕೋಟು ಕಳಚಿ ಪುಟ ತಿರುಗಿಸುವವರೊಬ್ಬರ ಕೈಗೆ ಕೊಟ್ಟರು. ಬಹಳ ದಿನದ ಮೇಲೆ ಆಡಲು ಕರೆದಷ್ಟು ಖುಷಿ ಅವರ ಮುಖದಲ್ಲಿತ್ತು. ಎಲ್ಲರೂ ಡ್ರಿಲ್ ಕೋಣೆಗೆ ಬಂದರು. ಮಾವನವರಿಗೆ ಎಚ್ಚರವಿಲ್ಲ, ಬಲಗೈ ಬಿದ್ದಿದೆ ಎಂದಳು ಅಕ್ಕ. ಹಿರಿಯರು ಶುರು ಮಾಡಿದರು, ಏನು ಧಾಟಿ ಅದು! "ಉಸಿರಾಟ ನೋಡಿದೆ. ಆಕ್ಸಿಜನ್ ಕೊಡ್ತಾ ಇದೀನಿ. ಸಕ್ಕರೆ ನೋಡ್ತಾ ಇದೀನಿ."

ಕೋಣೆ ಸುಮ್ಮನಿತ್ತು. ಹಿರಿಯರು ಅಕ್ಕನತ್ತ ನೋಡಿದರು. ಅಕ್ಕ ಬೊಂಬೆಯತ್ತ ನೋಡಿದಳು. ಇಪ್ಪತ್ತೆಂಟು ವರ್ಷ ಡಾಕ್ಟರು ಕೇಳಿದ್ದಕ್ಕೆ ಉತ್ತರಿಸಿ ಅಭ್ಯಾಸವಾದ ನಾಲಿಗೆ ಹಲ್ಲಿಗೆ ಒತ್ತಿಕೊಂಡು ಒದ್ದಾಡುತ್ತಿತ್ತು. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. "ಸಕ್ಕರೆ," ಎಂದರು ಹಿರಿಯರು ಇನ್ನೂ ಗಟ್ಟಿಯಾಗಿ, ಕಿವುಡಿಗೆ ಹೇಳುವವರಂತೆ. ನಲವತ್ತು ಸೆಕೆಂಡಾಯಿತು. ಪುಟ ತಿರುಗಿಸುವವರಲ್ಲಿ ಒಬ್ಬರು ಬೂಟು ನೋಡಿಕೊಂಡರು. "ನಂಬರ್ ಹೇಳ್ರಮ್ಮ!"

"ನನಗೂ ಗೊತ್ತಿಲ್ಲ ಸರ್. ಮಾವನವ್ರ ಬೆರಳನ್ನ ಕೇಳಿ."

ಹಿರಿಯರ ಬಾಯಿ ಅರ್ಧ ತೆರೆದು ಹಾಗೇ ನಿಂತಿತು. ತಿಳಿಯಿತು ಎಂಬುದು ಅವರ ಕಿವಿ ಕೆಂಪಾದದ್ದರಲ್ಲೇ ಕಂಡಿತು. ತಿರುಗಿ ಡ್ರಾಯರ್ ಎಳೆದರು, ಅದರಲ್ಲಿ ಹತ್ತಿ. ಇನ್ನೊಂದು ಎಳೆದರು, ಪಟ್ಟಿ. ಮೂರನೆಯದರಲ್ಲಿ ಮೀಟರ್ ಸಿಕ್ಕಿತು. ಚುಚ್ಚಿದರು, ಕೆಂಪು ಹನಿ ಮೂಡಿತು, ಮೀಟರ್ ಇಪ್ಪತ್ತಾರು ಎಂದಿತು. ಅಕ್ಕ ಗಡಿಯಾರ ಅವರ ಮುಂದೆ ಹಿಡಿದಳು. ಎರಡು ನಿಮಿಷ ಐವತ್ತು ಸೆಕೆಂಡು.

ಅವರು ಮಂಚದ ಅಂಚಿನಲ್ಲಿ ಮಾವನವರ ಪಕ್ಕದಲ್ಲೇ ಕುಳಿತುಬಿಟ್ಟರು. "ನಲವತ್ತು ವರ್ಷ ನಾನೇ ನಂಬರ್ ಹೇಳ್ಕೊಂಡು ಬಂದೆ," ಎಂದರು ಮೆಲ್ಲಗೆ. "ಎಷ್ಟು ಜನಕ್ಕೆ ಹೇಳಿದೀನೋ." ಆಮೇಲೆ ತಲೆಯೆತ್ತಿ ಕೇಳಿದರು. "ಆ ಪುಟ ಬರೆದೋರು ಯಾರು?"

"ನಾನು ಸರ್. ಅವತ್ತು ಕಡತದಲ್ಲಿ ಸುಳ್ಳು ಬರೆದೋಳೂ ನಾನೇ."

ದೊಡ್ಡವರು ಎಂದರೆ ಯಾಕೆ ದೊಡ್ಡವರು ಎಂಬುದು ಇಂಥ ಹೊತ್ತಿನಲ್ಲೇ ಗೊತ್ತಾಗುವುದು. ಹಿರಿಯರು ಎದ್ದು, ಎಲ್ಲರೆದುರು ಅಕ್ಕನಿಗೆ ಕೈಮುಗಿದರು. "ನಲವತ್ತೇ ಇರ್ಲಿ. ಈ ಪುಟ ಎಲ್ಲೋ ಮಧ್ಯದಲ್ಲಿದೆ, ತೆಗೆದು ಮೊದಲು ಹಾಕಿ. ಆ ಐದು ಸಾಲು ಮಾತ್ರ ಯಾರೂ ಮುಟ್ಟಬೇಡಿ." ದೊಡ್ಡ ಡಾಕ್ಟರಮ್ಮ ಕೋಣೆಗೆ ಓಡಿ ಫ್ಯಾನ್ ಹಾಕಿಬಿಟ್ಟರು. ಚೀಟಿಗಳು ಬೇಕಾದ ಕಡೆ ಹಾರಿಕೊಂಡವು.

ಹೊಸ ಎಂಟು ಜನ ಬಂದು ತಿಂಗಳಾದ ಮೇಲೆ ಬಡಗಿ ತಪಾಸಣೆಗೆಂದು ಬಂದ. ಅವನು ಒಳಗೆ ಹೋದಾಗ ಹೆಂಡತಿ ಅಕ್ಕನನ್ನು ಹುಡುಕಿಕೊಂಡು ಬಂದಳು.

"ಅವತ್ತು ಒಂದು ಮಾತು ಕೊಟ್ಟಿದ್ರಿ. ಏನಾಯ್ತು?"

ಆಯ್ತು ಎನ್ನಲು ಅಕ್ಕ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. "ನಾನು ಹೇಳಲ್ಲ. ಬನ್ನಿ, ನೀವೇ ನೋಡಿ."

ಇಬ್ಬರೂ ಗಾಜಿನ ಕಿಟಕಿಯ ಮುಂದೆ ನಿಂತರು. ಒಳಗೆ ಹೊಸ ಡಾಕ್ಟರ್ ಹುಡುಗಿಯೊಬ್ಬಳು ಮಾವನವರ ಬಳಿ ನಿಂತು ಏನೋ ಹೇಳಿ, ತಲೆಯೆತ್ತಿ ಕಾಯುತ್ತಿದ್ದಳು. ತಲೆದೆಸೆಯಲ್ಲಿದ್ದವನು ಕೈ ಹಿಂದೆ ಕಟ್ಟಿ, ತುಟಿ ಬಿಗಿದು ನಿಂತಿದ್ದ. ಹುಡುಗಿ ಕಾದಳು, ಕಾದಳು, ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಅಯ್ಯೋ, ಆ ಮನುಷ್ಯ ಯಾಕೆ ಗೂಟದ ಹಾಗೆ ನಿಂತಿದಾರೆ? ಒಂದು ಮಾತು ಹೇಳಬಾರದಾ?" ಎಂದು ಹೆಂಡತಿ ಚಡಪಡಿಸಿದಳು. ಆಮೇಲೆ ಗಾಜಿಗೆ ಹಣೆ ತಾಗಿಸಿ ನೋಡಿದಳು. "ಅವ್ರೇ ಅಲ್ವಾ ಅವತ್ತಿನ ಡಾಕ್ಟರು?"

"ಹೂಂ. ಅವರೇ."

ಒಳಗೆ ಹುಡುಗಿ ಸರಕ್ಕನೆ ತಿರುಗಿ ಡ್ರಾಯರಿಗೆ ನಡೆದಳು, ಮೀಟರ್ ತಂದಳು, ಚುಚ್ಚಿದಳು. ರಬ್ಬರ್ ಬೆರಳ ತುದಿಯಲ್ಲಿ ಕೆಂಪು ಹನಿ ಮೂಡಿತು. ಹೆಂಡತಿ ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಆ ಹನಿಯನ್ನು ಒರೆಸುವವರೆಗೂ ಬಿಡಲಿಲ್ಲ. ಆಯ್ತು ಡಾಕ್ಟರು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟೋ ಡಾಕ್ಟರುಗಳ ಮಾತು ಕೇಳಿ ಮೆಚ್ಚಿದ್ದ ಅಕ್ಕನಿಗೆ, ಒಬ್ಬ ಡಾಕ್ಟರು ಸುಮ್ಮನೆ ನಿಂತದ್ದನ್ನು ನೋಡಿ ಎದೆ ತುಂಬಿ ಬಂದದ್ದು ಅದೇ ಮೊದಲು.